‘ನಮ್ಮ ಕೆಲಸಗಾರರಲ್ಲ’ ಎನ್ನುವ ಅನುಕೂಲ: ಕಂಪೆನಿಗಳಿಗೆ ಏಜೆನ್ಸಿ ನೌಕರರೇ ಏಕೆ ಬೇಕು?

ಬಂಟ್ವಾಳ ತಾಲೂಕಿನ ಕಲ್ಲಡ್ಕ, ಗೋಳ್ತಮಜಲು, ವಿಟ್ಲ ಪರಿಸರದ ಅನೇಕ ಮನೆಗಳಲ್ಲಿ ಇಂದು ಎರಡು ತಲೆಮಾರಿನ ದುಡಿಮೆ ಒಂದೇ ಸೂರಿನಡಿ ಕಾಣಸಿಗುತ್ತದೆ. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ತಾಯಿ. ಬೆಳಗಿನ ಬಸ್ಸು ಹಿಡಿದು ಸುಮಾರು 30 ಕಿ.ಮೀ. ದೂರದ ಮಂಗಳೂರಿಗೆ ಹೋಗುವ, ಇಲ್ಲವೇ ಬೆಂಗಳೂರಿನ ಪಿ.ಜಿ. ಕೊಠಡಿಯಲ್ಲಿದ್ದು ದುಡಿಯುವ ಮಗ ಅಥವಾ ಮಗಳು. ಮಕ್ಕಳ ಕೊರಳಲ್ಲಿ ದೊಡ್ಡ ಕಂಪೆನಿಯ ಹೆಸರಿರುವ ಗುರುತುಚೀಟಿ ಇರುತ್ತದೆ. ಸಂಬಳದ ಚೀಟಿಯಲ್ಲಿ ಮಾತ್ರ ಬೇರೊಂದು ಹೆಸರು. ತಾಯಿಯ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಆಕೆ ಕಟ್ಟಿದ ಬೀಡಿಯ ಮೇಲೆ ಬೀಳುವ ಲೇಬಲ್ ಕಂಪೆನಿಯದು. ಎಲೆ, ಹೊಗೆಸೊಪ್ಪು, ನೂಲು ಕೊಟ್ಟು ಮಜೂರಿ ಎಣಿಸುವವನು ಊರಿನ ಬೀಡಿ ಬ್ರಾಂಚಿನ ಗುತ್ತಿಗೆದಾರ.

ಏಜೆನ್ಸಿ ಮೂಲಕ ನೌಕರರನ್ನು ಪಡೆಯುವುದು 1991ರ ಆರ್ಥಿಕ ಉದಾರೀಕರಣದ ನಂತರ, ವಿಶೇಷವಾಗಿ ಐ.ಟಿ. ಯುಗದಲ್ಲಿ, ಹೊರದೇಶಗಳಿಂದ ಬಂದ ಪದ್ಧತಿ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಹೆಸರಿನ ಮಟ್ಟಿಗೆ ಅದು ನಿಜವೂ ಹೌದು. ಅಮೆರಿಕದ ಡೆಟ್ರಾಯಿಟ್‌ನಲ್ಲಿ 1946ರಲ್ಲಿ ಕೆಲ್ಲಿ, ಮಿಲ್ವಾಕಿಯಲ್ಲಿ 1948ರಲ್ಲಿ ಮ್ಯಾನ್‌ಪವರ್ ಎಂಬ ಸಂಸ್ಥೆಗಳು ಕಚೇರಿ ಕೆಲಸಕ್ಕೆ ತಾತ್ಕಾಲಿಕವಾಗಿ ಜನ ಒದಗಿಸಲು ಆರಂಭಿಸಿದವು. ಬೆಂಗಳೂರಿನಲ್ಲಿ ಟೀಮ್‌ಲೀಸ್ 2002ರಲ್ಲಿ, ಕ್ವೆಸ್ 2007ರಲ್ಲಿ ಹುಟ್ಟಿಕೊಂಡವು. ಎರಡೂ 2016ರಲ್ಲಿ ಷೇರುಪೇಟೆ ಪ್ರವೇಶಿಸಿದವು. ಆದರೆ ಹೆಸರನ್ನು ಬದಿಗಿಟ್ಟು ವ್ಯವಸ್ಥೆಯ ಒಳಗನ್ನು ನೋಡಿದರೆ, ಕೆಲಸ ಮಾಡಿಸಿಕೊಳ್ಳುವವನೊಬ್ಬ, ಸಂಬಳ ಕೊಡುವವನೊಬ್ಬ ಎಂಬ ಈ ಏರ್ಪಾಡನ್ನು ಬಂಟ್ವಾಳದ ಬೀಡಿ ಕಾರ್ಮಿಕ ಮಹಿಳೆಯರಿಗೆ ಯಾರೂ ಹೊಸದಾಗಿ ವಿವರಿಸಬೇಕಾಗಿಲ್ಲ. ಅಷ್ಟೇ ಅಲ್ಲ, ಕಂಪೆನಿಗಳು ಮಧ್ಯವರ್ತಿಯನ್ನು ಏಕೆ ಇಟ್ಟುಕೊಳ್ಳುತ್ತವೆ ಎಂಬ ಪ್ರಶ್ನೆಗೆ ದೇಶದ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟ ಉತ್ತರ ಹುಡುಕಿದ್ದು ಬೀಡಿ ಉದ್ಯಮದ ಪ್ರಕರಣಗಳಲ್ಲೇ.

ಉತ್ತರವನ್ನು ಮೊದಲೇ ಹೇಳುವುದಾದರೆ, ಕಂಪೆನಿ ಏಜೆನ್ಸಿಯಿಂದ ಕೊಳ್ಳುವುದು ಅಗ್ಗದ ಕೂಲಿಯನ್ನಷ್ಟೇ ಅಲ್ಲ. ಕಾರ್ಮಿಕನಿಂದ ಒಂದು ಅಂತರವನ್ನು. ‘ಇವರು ನಮ್ಮ ಕೆಲಸಗಾರರಲ್ಲ’ ಎಂದು ಹೇಳಲು ಸಾಧ್ಯವಾಗುವ ಅನುಕೂಲಕ್ಕೆ ಮಾರುಕಟ್ಟೆಯಲ್ಲಿ ಒಂದು ಬೆಲೆಯಿದೆ. ಸೇವಾಶುಲ್ಕ ಎಂಬ ಹೆಸರಿನಲ್ಲಿ ಕಂಪೆನಿಗಳು ತೆರುವುದರಲ್ಲಿ ಆ ಬೆಲೆಯೂ ಸೇರಿದೆ.

ಬೀಡಿ ಬ್ರಾಂಚಿನ ಪಾಠ

ಕಾರ್ಖಾನೆ ಕಾಯ್ದೆ 1948ರಲ್ಲಿ ಬಂದಾಗ ಬೀಡಿ ಉದ್ಯಮಿಗಳ ಮುಂದೆ ಎರಡು ದಾರಿಗಳಿದ್ದವು. ಕಾರ್ಮಿಕರನ್ನು ಒಂದೆಡೆ ಕೂರಿಸಿ ಕೆಲಸದ ವೇಳೆ, ರಜೆ, ಗಾಳಿ ಬೆಳಕು, ಶೌಚಾಲಯದ ನಿಯಮಗಳನ್ನು ಪಾಲಿಸುವುದು ಒಂದು. ಅವರನ್ನು ಚದುರಿಸಿ ಗುತ್ತಿಗೆದಾರರ ಮೂಲಕ ಮನೆಮನೆಗೆ ಕೆಲಸ ಹಂಚುವುದು ಇನ್ನೊಂದು. ಉದ್ಯಮ ಎರಡನೆಯದರತ್ತ ಹೆಚ್ಚು ಒಲಿಯಿತೆಂದು ಬೇರೆ ಹೇಳಬೇಕಿಲ್ಲ. ಬೀಡಿ ಕಟ್ಟಲು ಯಂತ್ರ ಬೇಡ, ವಿದ್ಯುತ್ ಬೇಡ. ಒಂದು ಸೂಪು, ಒಂದು ಕತ್ತರಿ ಸಾಕು. ಹೀಗಾಗಿ ಚದುರಿಸುವುದರಿಂದ ಉದ್ಯಮಕ್ಕೆ ಹೇಳಿಕೊಳ್ಳುವಂಥ ನಷ್ಟವಿರಲಿಲ್ಲ. ಮನೆಗೆಲಸದ ನಡುವೆ ಕುಳಿತಲ್ಲೇ ನಾಲ್ಕು ಕಾಸು ಸಿಗುತ್ತದೆಂಬುದು ಮಹಿಳೆಯರಿಗೂ ಅನುಕೂಲವೇ ಆಯಿತು. ಮಳೆಗಾಲದಲ್ಲಿ ಗದ್ದೆ ಕೆಲಸ ಮುಗಿದ ಮೇಲೆ ಕೈಗೆ ನಗದು ತರುವ ಬೇರೆ ದಾರಿಗಳು ಒಳನಾಡಿನ ಊರುಗಳಲ್ಲಿ ಕಡಿಮೆಯೇ ಇದ್ದವು. ಈ ಅನುಕೂಲವನ್ನು ಕಡೆಗಣಿಸಿ ಬೀಡಿ ಪದ್ಧತಿಯನ್ನು ಕೇವಲ ಶೋಷಣೆಯೆಂದು ಬಣ್ಣಿಸುವುದು ಸರಳೀಕರಣವಾದೀತು.

ಆದರೆ ಲೆಕ್ಕ ಕೇಳುವ ಹೊತ್ತು ಬಂದಾಗ ಕಾರ್ಮಿಕರು ಯಾರ ಬಾಗಿಲು ತಟ್ಟಬೇಕು? ಗುತ್ತಿಗೆದಾರ ತಾನು ಕೇವಲ ಮಧ್ಯವರ್ತಿ ಎನ್ನುತ್ತಾನೆ. ಉದ್ಯಮಿ ತನಗೂ ಈ ಹೆಂಗಸರಿಗೂ ಸಂಬಂಧವೇ ಇಲ್ಲ ಎನ್ನುತ್ತಾನೆ. ಮದರಾಸು ಪ್ರಾಂತ್ಯದ ಬೀಡಿ ಪ್ರಕರಣವೊಂದರಲ್ಲಿ ಈ ಪ್ರಶ್ನೆ 1964ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಸ್ವತಂತ್ರ ಗುತ್ತಿಗೆದಾರರೆಂದು ಕರೆಸಿಕೊಳ್ಳುವವರು ಸ್ವಂತ ಬಂಡವಾಳವಿಲ್ಲದ ಬಡವರು, ಕಾರ್ಯತಃ ಉದ್ಯಮಿಯ ಶಾಖೆಯನ್ನು ನೋಡಿಕೊಳ್ಳುವವರು ಎಂದು ಕಂಡುಕೊಂಡ ನ್ಯಾಯಾಲಯ, ಕಾರ್ಮಿಕರ ನಿಜವಾದ ಮಾಲೀಕ ಉದ್ಯಮಿಯೇ ಎಂದಿತು. ಮುಂದೆ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಪ್ರತ್ಯೇಕ ಕಾಯ್ದೆ ಬಂತು. ಅದರಲ್ಲಿ ಗುತ್ತಿಗೆ ಕಾರ್ಮಿಕನ ವ್ಯಾಖ್ಯಾನ ಗಮನಾರ್ಹವಾದುದು: ಮಾಲೀಕನ ಅರಿವಿದ್ದೋ ಇಲ್ಲದೆಯೋ ಗುತ್ತಿಗೆದಾರನ ಮೂಲಕ ಕೆಲಸಕ್ಕೆ ನೇಮಕವಾದವರೆಲ್ಲರೂ ಅದರೊಳಗೆ ಬಂದರು. ‘ನನಗೆ ಗೊತ್ತೇ ಇರಲಿಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲದಂತಾಯಿತು.

ಈ ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿದವರಲ್ಲಿ ಕರಾವಳಿಯ ಉದ್ಯಮವೂ ಇತ್ತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಸರಕಾರದ ನಡುವಿನ ಪ್ರಕರಣವೆಂದೇ ಕಾನೂನು ಪುಸ್ತಕಗಳಲ್ಲಿ ಹೆಸರಾದ 1974ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಕಳಪೆಯೆಂದು ತಿರಸ್ಕರಿಸುವ ಬೀಡಿ ಸಾಮಾನ್ಯವಾಗಿ ನೂರಕ್ಕೆ ಐದನ್ನು ಮೀರಕೂಡದೆಂಬ ನಿಯಮವೂ ಉಳಿದುಕೊಂಡಿತು. ಹೊರಗಿನವರಿಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. ದಿನಕ್ಕೆ ಸಾವಿರ ಬೀಡಿಯ ಲೆಕ್ಕದಲ್ಲಿ ಮಜೂರಿ ಪಡೆಯುವವಳಿಗೆ, ಎಣಿಸುವವನು ಎಷ್ಟನ್ನು ಬದಿಗೆ ಸರಿಸುತ್ತಾನೆ ಎಂಬುದರ ಮೇಲೆಯೇ ಆ ದಿನದ ಆದಾಯ ನಿಂತಿರುತ್ತದೆ.

ಭವಿಷ್ಯನಿಧಿ ಕಾಯ್ದೆಯನ್ನು 1977ರಲ್ಲಿ ಬೀಡಿ ಉದ್ಯಮಕ್ಕೆ ವಿಸ್ತರಿಸಲಾಯಿತು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರೂ ನೌಕರರೇ, ಅವರಿಗೂ ಪಿ.ಎಫ್. ಅನ್ವಯಿಸುತ್ತದೆ ಎಂದು 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ತೀರ್ಪಿನ ಫಲ ಇಂದಿಗೂ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಹಳ್ಳಿಗಳಲ್ಲಿ ಕಣ್ಣಿಗೆ ಕಾಣುತ್ತದೆ. ಕಾರ್ಖಾನೆಯ ಮೆಟ್ಟಿಲು ಹತ್ತದ ಮಹಿಳೆಯ ಕೈಯಲ್ಲೂ ಪಿ.ಎಫ್. ಸಂಖ್ಯೆಯಿದೆ, ಮಗಳ ಮದುವೆಗೋ ಮನೆಯ ಮಾಡಿಗೋ ಆ ಹಣ ಬಂದಿದೆ. ಪಿಂಚಣಿ ಎಂದರೆ 2014ರಲ್ಲಿ ನಿಗದಿಯಾದ ತಿಂಗಳಿಗೆ 1,000 ರೂ. ಕನಿಷ್ಠ ಮೊತ್ತವೇ ಅನೇಕರ ಪಾಲಿಗೆ ಗಟ್ಟಿ. ವ್ಯವಸ್ಥೆಯಲ್ಲಿ ತೂತುಗಳೂ ಇವೆ: ಪಾಸ್‌ಬುಕ್ ಒಬ್ಬಳ ಹೆಸರಿನಲ್ಲಿ, ಬೀಡಿ ಕಟ್ಟುವವರು ಮೂವರು ಎಂಬಂಥ ಮನೆಗಳಲ್ಲಿ ಉಳಿದಿಬ್ಬರು ಕಾನೂನಿನ ಲೆಕ್ಕಕ್ಕೇ ಸಿಗುವುದಿಲ್ಲ. ಆದರೂ ಮಧ್ಯವರ್ತಿಯ ಹಿಂದೆ ನಿಂತಿರುವ ಮುಖ್ಯ ಮಾಲೀಕನ ಹೆಗಲಿಗೆ ಹೊಣೆ ಹೊರಿಸಿದರೆ ಅತ್ಯಂತ ಚದುರಿಹೋದ ಕಾರ್ಮಿಕರಿಗೂ ಏನಾದರೊಂದು ದಕ್ಕುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಲೆಕ್ಕದಲ್ಲಿ ಉಳಿತಾಯ ಎಲ್ಲಿದೆ?

ಏಜೆನ್ಸಿ ನೌಕರ ಅಗ್ಗ ಎಂಬ ನಂಬಿಕೆಯನ್ನು ಒಮ್ಮೆ ಲೆಕ್ಕಕ್ಕೆ ಒಡ್ಡಿ ನೋಡಬಹುದು. ಉದಾಹರಣೆಗೆ, ತಿಂಗಳಿಗೆ 15,000 ರೂ. ಮೂಲವೇತನದ ಒಬ್ಬ ಕೆಲಸಗಾರನೆಂದಿಟ್ಟುಕೊಳ್ಳೋಣ. ಮಾಲೀಕನ ಪಾಲಿನ ಪಿ.ಎಫ್. ಮತ್ತು ಅದರ ಜೊತೆಗಿನ ಶುಲ್ಕಗಳು ಶೇ. 13ರಂತೆ 1,950 ರೂ.; ಇ.ಎಸ್.ಐ. ಶೇ. 3.25ರಂತೆ 488 ರೂ.; ಕನಿಷ್ಠ ಬೋನಸ್ ಶೇ. 8.33ರಂತೆ 1,250 ರೂ. ಒಟ್ಟು 18,688 ರೂ. ಇಷ್ಟು ಖರ್ಚು ನೇರ ನೇಮಕಾತಿಯಲ್ಲೂ ತಪ್ಪಿದ್ದಲ್ಲ. ಏಜೆನ್ಸಿಯಾದರೆ ಇದರ ಮೇಲೆ ಸೇವಾಶುಲ್ಕ ಸಾವಿರ ರೂಪಾಯಿ ಎಂದುಕೊಂಡರೂ 19,688 ರೂ. ಆಗುತ್ತದೆ, ಅದರ ಮೇಲೆ ಶೇ. 18 ಜಿ.ಎಸ್.ಟಿ. ಬೇರೆ. ತೆರಿಗೆಯ ಮೊತ್ತವನ್ನು ಬಹುತೇಕ ಕಾರ್ಖಾನೆಗಳು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಲ್ಲವಾದರೂ ಸೇವಾಶುಲ್ಕ ಮಾತ್ರ ನಿಶ್ಚಿತ ಹೊರೆ. ಅಂದರೆ ಸಂಬಳ ಒಂದೇ ಆಗಿದ್ದು, ಕಾನೂನನ್ನು ಪ್ರಾಮಾಣಿಕವಾಗಿ ಪಾಲಿಸಿದರೆ, ಏಜೆನ್ಸಿ ನೌಕರ ನೇರ ನೌಕರನಿಗಿಂತ ದುಬಾರಿ!

ಹಾಗಾದರೆ ಉಳಿತಾಯ ಬರುವುದೆಲ್ಲಿಂದ? ಒಂದನೆಯದಾಗಿ, ಸಂಬಳ ಒಂದೇ ಆಗಿರುವುದಿಲ್ಲ. ಗುತ್ತಿಗೆ ಕಾರ್ಮಿಕ ಕಾಯಂ ಕಾರ್ಮಿಕನಂತೆಯೇ ಅದೇ ಬಗೆಯ ಕೆಲಸ ಮಾಡಿದರೆ ಅದೇ ವೇತನ ನೀಡಬೇಕೆಂದು 1971ರ ಕೇಂದ್ರ ನಿಯಮಾವಳಿ ಹೇಳಿತ್ತು. ಆದರೆ ಹುದ್ದೆಯ ಹೆಸರು ತುಸು ಬದಲಿಸಿದರೆ ಕೆಲಸವೂ ಬೇರೆಯಾಗಿಬಿಡುತ್ತದೆ. ಎರಡನೆಯದು ಕಾಲ. ಕಾಯಂ ನೌಕರನ ಸಂಬಳ ವರ್ಷದಿಂದ ವರ್ಷಕ್ಕೆ ಏರುತ್ತದೆ. ಕಾರ್ಮಿಕ ಸಂಘದೊಂದಿಗಿನ ಒಪ್ಪಂದ ಮೂರು ನಾಲ್ಕು ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತದೆ. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಗುವವನ ಸಂಬಳ ಪ್ರತಿ ಬಾರಿಯೂ ಮೊದಲ ಮೆಟ್ಟಿಲಿನಿಂದಲೇ ಆರಂಭವಾಗುತ್ತದೆ. ಏಜೆನ್ಸಿ ಬದಲಾದರೆ ಸೇವಾವಧಿಯ ಎಣಿಕೆಯೂ ತುಂಡಾಗುತ್ತದೆ. ಗ್ರಾಚ್ಯುಟಿಗೆ ಐದು ವರ್ಷಗಳ ಸತತ ಸೇವೆ ಬೇಕೆಂಬ ಹಳೆಯ ನಿಯಮದಡಿ, ಒಂದೇ ಯಂತ್ರದ ಮುಂದೆ ಎಂಟು ವರ್ಷ ನಿಂತವನೂ ಕಾಗದದ ಮೇಲೆ ಎಂದಿಗೂ ಐದು ವರ್ಷ ಪೂರೈಸದೆ ಉಳಿಯಬಹುದಿತ್ತು.

ಎಲ್ಲಕ್ಕಿಂತ ಮುಖ್ಯವಾದುದು ಕೆಲಸದಿಂದ ತೆಗೆಯುವ ಸ್ವಾತಂತ್ರ್ಯ. ನೂರು ಅಥವಾ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ಅವರನ್ನು ಕಡಿತಗೊಳಿಸಲು ಸರಕಾರದ ಪೂರ್ವಾನುಮತಿ ಪಡೆಯಬೇಕೆಂಬ ಕಟ್ಟಳೆ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ದೀರ್ಘಕಾಲ ಇತ್ತು. ಏಜೆನ್ಸಿ ನೌಕರರಾದರೆ ಅನುಮತಿಯ ಮಾತೇ ಇಲ್ಲ. ‘ಮುಂದಿನ ತಿಂಗಳಿನಿಂದ ಇನ್ನೂರು ಜನ ಸಾಕು’ ಎಂದು ಏಜೆನ್ಸಿಗೆ ಒಂದು ಇ-ಮೇಲ್ ಕಳುಹಿಸಿದರಾಯಿತು. ಸಂಘ ಕಟ್ಟಿದರೂ ಚೌಕಾಸಿ ಯಾರೊಡನೆ? ಕಂಪೆನಿ ಮಾಲೀಕನಲ್ಲ, ಮಾಲೀಕನೆನಿಸಿದ ಏಜೆನ್ಸಿಗೆ ಕಾರ್ಖಾನೆಯೇ ಇಲ್ಲ.

ಕಂಪೆನಿಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಹಬ್ಬದ ಹಂಗಾಮಿನಲ್ಲಿ ಮೊಬೈಲ್, ಬಟ್ಟೆ, ಕೊರಿಯರ್ ವ್ಯವಹಾರ ಒಮ್ಮೆಲೇ ಏರುತ್ತದೆ, ನಂತರ ಇಳಿಯುತ್ತದೆ. ಹೆರಿಗೆ ರಜೆಯಲ್ಲಿರುವವರ ಜಾಗಕ್ಕೆ ಆರು ತಿಂಗಳಿಗಷ್ಟೇ ಜನ ಬೇಕಾಗುತ್ತದೆ. ಕೆಲವೇ ತಿಂಗಳಲ್ಲಿ ಸಾವಿರಾರು ಮಂದಿಯನ್ನು ಸಂದರ್ಶಿಸಿ, ದಾಖಲೆ ಪರಿಶೀಲಿಸಿ, ಪಿ.ಎಫ್. ಖಾತೆ ತೆರೆಯುವ ಸಾಮರ್ಥ್ಯ ಹೊಸ ಕಾರ್ಖಾನೆಗಿರುವುದಿಲ್ಲ. ಬಹುರಾಷ್ಟ್ರೀಯ ಕಂಪೆನಿಗಳಲ್ಲಿ ಇನ್ನೊಂದು ವಿಚಿತ್ರ ಕಾರಣವೂ ಇದೆ: ಒಬ್ಬ ಕಾಯಂ ನೌಕರನ ನೇಮಕಕ್ಕೆ ಸಾಗರದಾಚೆಯ ಮುಖ್ಯ ಕಚೇರಿಯ ಒಪ್ಪಿಗೆ ಬೇಕು; ಏಜೆನ್ಸಿಯ ಬಿಲ್ಲಾದರೆ ಅದು ‘ಸೇವೆಗಳ ಖರೀದಿ’ಯ ಶೀರ್ಷಿಕೆಯಡಿ ಸದ್ದಿಲ್ಲದೆ ಪಾಸಾಗುತ್ತದೆ. ಇವೆಲ್ಲ ನಿಜವಾಗಿಯೂ ತಾತ್ಕಾಲಿಕ ಅಗತ್ಯದ ಕಾರಣಗಳಾಗಿದ್ದರೆ ಏಜೆನ್ಸಿ ನೌಕರರ ಪ್ರಮಾಣ ಏರುತ್ತ ಇಳಿಯುತ್ತ ಇರಬೇಕಿತ್ತು. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಬೇರೆ ಕಥೆ ಹೇಳುತ್ತದೆ. ಈ ಶತಮಾನದ ಆರಂಭದಲ್ಲಿ ಸಂಘಟಿತ ಕಾರ್ಖಾನೆಗಳ ಪ್ರತಿ ಐವರು ಕಾರ್ಮಿಕರಲ್ಲಿ ಸುಮಾರು ಒಬ್ಬ ಗುತ್ತಿಗೆಯವನಿದ್ದ; 2022-23ರ ಹೊತ್ತಿಗೆ ಐವರಲ್ಲಿ ಇಬ್ಬರು. ಎರಡು ದಶಕ ಬಿಡದೆ ಏರಿದ ಬೇಡಿಕೆಯನ್ನು ಹಂಗಾಮಿ ಎನ್ನಲಾಗದು.

ನರಸಾಪುರದಲ್ಲಿ ಕಂಡದ್ದು

ಅಂತರವೇ ಮುಳುವಾಗಬಹುದೆಂಬುದನ್ನು ಕೋಲಾರ ಜಿಲ್ಲೆಯ ನರಸಾಪುರ 2020ರ ಡಿಸೆಂಬರ್ 12ರ ಬೆಳಗಿನ ಜಾವ ತೋರಿಸಿಕೊಟ್ಟಿತು. ಆಪಲ್ ಕಂಪೆನಿಗೆ ಐಫೋನ್ ಜೋಡಿಸಿಕೊಡುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರ ಅಸಮಾಧಾನ ಹಿಂಸೆಗೆ ತಿರುಗಿ ಗಾಜು, ಯಂತ್ರ, ವಾಹನಗಳು ಪುಡಿಯಾದವು. ಹತ್ತು ಸಾವಿರದಷ್ಟಿದ್ದ ಕಾರ್ಮಿಕರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಆರು ಏಜೆನ್ಸಿಗಳ ಮೂಲಕ ಬಂದವರು. ಹೇಳಿದಷ್ಟು ಸಂಬಳ ಕೈಗೆ ಬರುತ್ತಿಲ್ಲ, 12 ತಾಸಿನ ಪಾಳಿಗೆ ತಕ್ಕ ಹೆಚ್ಚುವರಿ ಭತ್ಯೆ ಸಿಗುತ್ತಿಲ್ಲ ಎಂಬುದು ಅವರ ದೂರಾಗಿತ್ತು. ಹಾಜರಿ ದಾಖಲಿಸುವುದು ಕಾರ್ಖಾನೆ, ಸಂಬಳ ಹಾಕುವುದು ಏಜೆನ್ಸಿ. ನಡುವೆ ಹಣ ಎಲ್ಲಿ ಸೋರಿತೆಂದು ಕಾರ್ಮಿಕನಿಗೆ ತಿಳಿಯುವ ಬಗೆಯಿರಲಿಲ್ಲ. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ದೂರು ಸುಳ್ಳಾಗಿರಲಿಲ್ಲ. ಕೆಲವರಿಗೆ ಸರಿಯಾಗಿ ಅಥವಾ ಸಕಾಲದಲ್ಲಿ ವೇತನ ಪಾವತಿಯಾಗಿಲ್ಲವೆಂದು ಒಪ್ಪಿಕೊಂಡ ವಿಸ್ಟ್ರಾನ್ ಕ್ಷಮೆ ಯಾಚಿಸಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ಕೆಳಗಿಳಿಸಿತು. ಕೆಲಸದ ವೇಳೆಯ ನಿರ್ವಹಣೆಯಲ್ಲಿ ಲೋಪವಿತ್ತೆಂದು ಹೇಳಿದ ಆಪಲ್ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಸೇವಾಶುಲ್ಕ ಕೊಟ್ಟು ಕೊಂಡ ಅಂತರ ಸಂಕಟದ ಹೊತ್ತಿನಲ್ಲಿ ಕಂಪೆನಿಯನ್ನು ಕಾಯಲಿಲ್ಲ. ಈ ಘಟಕವನ್ನು ಟಾಟಾ ಸಮೂಹ ಕೊಳ್ಳುವ ಒಪ್ಪಂದ 2023ರಲ್ಲಿ ಪ್ರಕಟವಾಯಿತು.

ಖಾಸಗಿ ಕಂಪೆನಿಗಳನ್ನು ದೂರುವ ಸರಕಾರದ ಮನೆಯ ದೋಸೆಯೂ ತೂತೇ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಆರಂಭವಾದ ‘ಕರ್ನಾಟಕ ರಾಜ್ಯ ಮತ್ತು ಉಮಾದೇವಿ’ ಪ್ರಕರಣದಲ್ಲಿ, ನಿಯಮಬದ್ಧ ನೇಮಕಾತಿಯಿಲ್ಲದೆ ಬಂದವರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ತೀರ್ಪಿತ್ತಿತು. ಹಿಂಬಾಗಿಲ ನೇಮಕಾತಿಗೆ ತಡೆ ಹಾಕುವುದು ಅದರ ಆಶಯವಾಗಿತ್ತು. ಇಲಾಖೆಗಳು ಓದಿಕೊಂಡದ್ದು ಬೇರೆ: ದಿನಗೂಲಿಯೆಂದರೆ ತಾನೇ ಮೊಕದ್ದಮೆ, ಹೊರಗುತ್ತಿಗೆಯಾದರೆ ಅದೂ ಇಲ್ಲ! ಇಂದು ಆಸ್ಪತ್ರೆಯ ಡಿ ದರ್ಜೆ ಸಿಬ್ಬಂದಿ, ವಿದ್ಯಾರ್ಥಿನಿಲಯದ ಅಡುಗೆಯವರು, ಕಚೇರಿಯ ಕಂಪ್ಯೂಟರ್ ನಿರ್ವಾಹಕರು ಎಷ್ಟೋ ಕಡೆ ಟೆಂಡರ್ ಮೂಲಕ ‘ಪೂರೈಕೆ’ಯಾಗುವವರು. ಕೇಂದ್ರ ಜಲ ಆಯೋಗದ ಸ್ವಚ್ಛತಾ ಕಾರ್ಮಿಕರ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ಈ ಪ್ರವೃತ್ತಿಯನ್ನೇ ಖಂಡಿಸಿತು; ದಶಕಗಳ ಕಾಲ ನಿತ್ಯದ ಕೆಲಸ ಮಾಡಿದವರ ವಿರುದ್ಧ ಉಮಾದೇವಿ ತೀರ್ಪನ್ನು ಆಯುಧವಾಗಿ ಬಳಸಬಾರದೆಂದಿತು.

ಬದಲಾವಣೆ ಅಸಾಧ್ಯವೇನಲ್ಲ. ಬೆಂಗಳೂರಿನ ಪೌರಕಾರ್ಮಿಕರು ವರ್ಷಗಟ್ಟಲೆ ಗುತ್ತಿಗೆದಾರರ ಕೈಕೆಳಗೆ ದುಡಿದವರು. ಹೋರಾಟದ ಬಳಿಕ ಮೊದಲು ನೇರ ಪಾವತಿ ಬಂತು. 2022ರ ಮುಷ್ಕರದ ನಂತರ ಕಾಯಮಾತಿಯ ನಿರ್ಧಾರವಾಯಿತು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ನೇಮಕಾತಿ ಪತ್ರ ವಿತರಿಸಲಾಯಿತು. ಜರ್ಮನಿಯಲ್ಲಿ 2017ರಿಂದ ಏಜೆನ್ಸಿ ನೌಕರನನ್ನು ಒಂದೇ ಕಂಪೆನಿಯಲ್ಲಿ ಸಾಮಾನ್ಯವಾಗಿ 18 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಒಂಬತ್ತು ತಿಂಗಳ ನಂತರ ಸಮಾನ ವೇತನ ಕೊಡಬೇಕು, ಕಾರ್ಮಿಕ ಸಂಘಗಳ ಒಪ್ಪಂದದಲ್ಲಿ ಮಾತ್ರ ವಿನಾಯಿತಿ. ಅಲ್ಲಿ ತಾತ್ಕಾಲಿಕ ಎಂಬ ಪದಕ್ಕೆ ಒಂದು ಅಳತೆಯಿದೆ.

ಹೊಸ ಸಂಹಿತೆ, ಹಳೆಯ ಕಿಂಡಿ

ಭಾರತದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ನಿಶ್ಚಿತಾವಧಿ ನೌಕರನಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಎಂಬುದು ಅದರ ಸ್ವಾಗತಾರ್ಹ ಅಂಶ. ಕಡಿತಕ್ಕೆ ಸರಕಾರದ ಅನುಮತಿ ಬೇಕಾಗುವ ಕಾರ್ಮಿಕ ಸಂಖ್ಯೆ 100ರಿಂದ 300ಕ್ಕೆ ಏರಿದೆ. ಕಡಿತದ ಭಯದಿಂದಲೇ ಏಜೆನ್ಸಿಯ ಮೊರೆ ಹೋಗುತ್ತಿದ್ದೇವೆಂಬ ಉದ್ಯಮಿಗಳ ವಾದ ನಿಜವೇ ಆಗಿದ್ದಲ್ಲಿ, ಇನ್ನು ಮುಂದೆ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ ನೇರ ನೇಮಕ ಹೆಚ್ಚಬೇಕು. ಹೆಚ್ಚುತ್ತದೆಯೇ ಎಂಬುದು ಆ ವಾದದ ಸತ್ವಪರೀಕ್ಷೆಯೂ ಹೌದು.

ಇನ್ನೊಂದು ಮಗ್ಗುಲು ಅಷ್ಟು ಭರವಸೆಯದಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ 20 ಕಾರ್ಮಿಕರಿದ್ದಲ್ಲಿ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ ಬಂದ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯಲ್ಲಿ ಈ ಸಂಖ್ಯೆ 50. ಏಜೆನ್ಸಿಯೇ ಕಾಯಂ ಮಾಡಿಕೊಂಡು ವಾರ್ಷಿಕ ಬಡ್ತಿ, ಸಾಮಾಜಿಕ ಭದ್ರತೆ ನೀಡುವ ನೌಕರರು ‘ಗುತ್ತಿಗೆ ಕಾರ್ಮಿಕ’ರ ವ್ಯಾಖ್ಯಾನದಿಂದಲೇ ಹೊರಗುಳಿಯುತ್ತಾರೆ. ಗುತ್ತಿಗೆದಾರ ಕೈಯೆತ್ತಿದರೆ ಸಂಬಳ ಕೊಡುವ ಹೊಣೆ ಮುಖ್ಯ ಮಾಲೀಕನದೇ ಎಂಬ ಹಳೆಯ ನಿಯಮ ಉಳಿದಿದೆಯಾದರೂ, ಅದರ ನೆರಳಿಗೆ ಬರುವವರ ವಲಯ ಕಿರಿದಾಗಿದೆ.

ಸಂಸ್ಥೆಯ ಮೂಲ ಚಟುವಟಿಕೆಯಲ್ಲಿ ಗುತ್ತಿಗೆ ಕಾರ್ಮಿಕರನ್ನು ಬಳಸಬಾರದೆಂದು ಸಂಹಿತೆ ಹೇಳುತ್ತದೆ. ಓದಲು ಕಠಿಣವಾಗಿಯೇ ಇದೆ. ಆದರೆ ಅದರ ಬೆನ್ನಿಗೇ ವಿನಾಯಿತಿಗಳಿವೆ: ಕೆಲಸ ಒಮ್ಮೆಲೇ ಹೆಚ್ಚಿದಾಗ ಬಳಸಬಹುದು, ದಿನದ ಬಹುಪಾಲು ವೇಳೆ ಬೇಡದ ಕೆಲಸಕ್ಕೆ ಬಳಸಬಹುದು, ಆ ಚಟುವಟಿಕೆ ರೂಢಿಯಲ್ಲಿ ಗುತ್ತಿಗೆದಾರರ ಮೂಲಕವೇ ನಡೆಯುವಂಥದ್ದಾಗಿದ್ದರೂ ಬಳಸಬಹುದು. ಈ ಕೊನೆಯ ವಿನಾಯಿತಿಯನ್ನು ಕಲ್ಲಡ್ಕದ ಬೀಡಿ ಬ್ರಾಂಚಿನಲ್ಲಿ ನಿಂತು ಓದಿದರೆ ಅದರ ಅರ್ಥ ಬಿಚ್ಚಿಕೊಳ್ಳುತ್ತದೆ. ಬೀಡಿ ಕಂಪೆನಿಗೆ ಬೀಡಿ ಕಟ್ಟುವುದಕ್ಕಿಂತ ಮೂಲವಾದ ಚಟುವಟಿಕೆ ಬೇರೆ ಯಾವುದೂ ಇಲ್ಲ. ರೂಢಿಯಲ್ಲಿ ಗುತ್ತಿಗೆದಾರರ ಮೂಲಕ ನಡೆಯುವ ಕೆಲಸಕ್ಕೆ ಅದೊಂದು ಹಳೆಯ ಉದಾಹರಣೆಯೂ ಹೌದು. ಬೀಡಿಯವರಿಗೆಂದೇ ಇದ್ದ 1966ರ ಕಾಯ್ದೆ ಈಗ ಇದೇ ಸಂಹಿತೆಯಲ್ಲಿ ವಿಲೀನವಾಗಿದೆ. ಮೊಬೈಲ್ ಜೋಡಣೆಯ ಘಟಕಗಳಲ್ಲೂ ಏಜೆನ್ಸಿ ಪದ್ಧತಿ ಇನ್ನೊಂದು ದಶಕ ಹೀಗೆಯೇ ಮುಂದುವರಿದರೆ, ಅದೂ ರೂಢಿಯೆಂದೇ ವಾದಿಸಲು ಕಂಪೆನಿಗಳಿಗೆ ಅವಕಾಶವಾಗುತ್ತದೆ. ಯಾವುದು ಮೂಲ ಚಟುವಟಿಕೆ, ಯಾವುದು ಅಲ್ಲ ಎಂಬ ತಕರಾರು ಎದ್ದಾಗ ತೀರ್ಮಾನಿಸುವ ಅಧಿಕಾರವನ್ನು ಸಂಹಿತೆ ಸರಕಾರದ ಕೈಗೇ ಕೊಟ್ಟಿದೆ.